ಮರಳಿ ಬಂದ ವಿಮಾನಗಳ ತೂತುಗಳು

8 ನವೆಂಬರ್ 1943, ಸೋಮವಾರ

ಇವತ್ತು ವಿಮಾನದ ಹೊಟ್ಟೆಯೊಳಗೆ ಹೋಗಬೇಕಿತ್ತು. ಹೋಗಲಾಗಲಿಲ್ಲ.

ಈ ವಿಮಾನ ರಿಪೇರಿ ಷೆಡ್ಡಿನ ಕೆಲಸಕ್ಕೆ ಸೇರಿ ಒಂದು ವಾರ ಹೊರಗಿನ ಕೆಲಸವೇ ಇತ್ತು. ರೆಕ್ಕೆಯ ತೂತಿನ ಅಂಚನ್ನು ಕತ್ತರಿಸಿ, ಅರದಿಂದ ಉಜ್ಜಿ, ಮೇಲೆ ತಗಡಿನ ತೇಪೆ ಇಟ್ಟು ರಿವೆಟ್ ಹೊಡೆಯುವುದು. ಲೀಡ್ಸ್‌ನಲ್ಲಿ ಎಂಟು ವರ್ಷ ಗಂಡಸರ ಪ್ಯಾಂಟು ಹೊಲಿದವಳಿಗೆ ತೇಪೆ ಹೊಸದಲ್ಲ, ಬಟ್ಟೆಯ ಬದಲು ತಗಡು ಅಷ್ಟೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಇವತ್ತು ಮೇಸ್ತ್ರಿ ಬೂತ್‌ರಾಯ್ಡ್ ನನ್ನನ್ನೂ ಜೊತೆ ಕೆಲಸದ ಮೇವಿಸ್‌ಳನ್ನೂ ಕರೆದು, ಶನಿವಾರ ಬಂದ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನದ ಒಳಗೆ ಕೂತು ರಿವೆಟ್‌ಗಳ ಹಿಂದೆ ಕಬ್ಬಿಣದ ಗಟ್ಟಿ ಹಿಡಿಯಬೇಕು ಎಂದರು. ಏಣಿ ಹತ್ತಿ ಬಾಗಿಲಲ್ಲಿ ತಲೆ ತೂರಿಸಿದೆ. ಒಳಗೆಲ್ಲ ಬೆಳಕಿನ ಕಡ್ಡಿಗಳು, ಒಂದೊಂದು ತೂತಿನಿಂದ ಒಂದೊಂದು. ನೆಲವನ್ನು ಯಾರೋ ಚೆನ್ನಾಗಿ ತೊಳೆದಿದ್ದರು. ತೊಳೆಯುವ ಸೋಡಾದ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಇಳಿದು ಏಣಿಯ ಬುಡದಲ್ಲೇ ಕೂತುಬಿಟ್ಟೆ.

"ಕತ್ತಲು ಅಂತ ಹೆದರ್ಕೊಂಡ್ಯಾ ಹುಡುಗಿ? ದೀಪಾನೇ ಬೇಡ, ನೂರಾ ನಲವತ್ತು ಕಿಟಕಿ ಇದಾವೆ," ಎಂದರು ಬೂತ್‌ರಾಯ್ಡ್.

"ಇಷ್ಟು ತೂತಾದ್ರೂ ಹೆಂಗ್ ಹಾರ್ಕೊಂಡು ಬಂತು?" ಎಂದಳು ಮೇವಿಸ್.

"ತೂತಾಗಿದೆ ಅಂತ ಅದಕ್ಕೆ ಯಾರೂ ಹೇಳ್ಲಿಲ್ಲ. ಅದಕ್ಕೇ ಬಂತು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಂಥದೇ ವಿಮಾನದಲ್ಲಿ ನನ್ನ ತಮ್ಮ ಲೆಸ್ಲಿ ಪೈಲಟ್‌ನ ಬೆನ್ನ ಹಿಂದೆ ನಿಂತು ಎಂಜಿನ್ನು, ಪೆಟ್ರೋಲು ನೋಡಿಕೊಳ್ಳುತ್ತಾನೆ. ಇನ್ನೂ ಇಪ್ಪತ್ತು ತುಂಬಿಲ್ಲ ಮಗುವಿಗೆ. ಅಮ್ಮ ಹೋದಾಗ ಅವನಿಗೆ ಆರು, ನನಗೆ ಹದಿಮೂರು. ಬೂಟಿನ ದಾರ ಕಟ್ಟುವುದನ್ನು ಕಲಿಸಿದ್ದು ನಾನು.

ಶುಕ್ರವಾರ ಬಸ್ ಕಂಪನಿಗೆ ಅರ್ಜಿ ಕೊಡುತ್ತೇನೆ. ನನಗೆ ಟಿಕೆಟ್ ಹರಿಯುವ ಕೆಲಸವೇ ಸಾಕು.

14 ನವೆಂಬರ್, ಭಾನುವಾರ

ಲೆಸ್ಲಿ ಬಂದಿದ್ದ. ಅವನ ನೆಲೆಯಿಂದ ಮೂವತ್ತು ಮೈಲಿ, ಅರ್ಧ ದಾರಿ ಬಸ್ಸು, ಅರ್ಧ ದಾರಿ ಯಾರದೋ ಹಾಲಿನ ಲಾರಿ. ಜರ್ಮನಿಯ ಮೇಲೆ ಬಾಂಬು ಹಾಕಲು ಒಂಬತ್ತು ಸಲ ಹೋಗಿ ಬಂದಿದ್ದಾನೆ. ಮೂವತ್ತು ಆಗಬೇಕು. ಚಿಪ್ಸ್ ಕಟ್ಟಿಸಿಕೊಂಡು ನದಿಯ ದಂಡೆಯಲ್ಲಿ ಕೂತೆವು. ಉಪ್ಪಿನ ಪೊಟ್ಟಣ ಬಿಚ್ಚಲು ಅವನಿಗೆ ಆಗಲಿಲ್ಲ. ಬೆರಳು ನಡುಗುತ್ತಿತ್ತು. ನೋಡಿಯೂ ನೋಡದವಳಂತೆ ಕಸಿದುಕೊಂಡು ನಾನೇ ಉದುರಿಸಿದೆ.

ಎಡಗಿವಿ ಸೋರುತ್ತಿದೆಯಂತೆ. ಅಷ್ಟು ಎತ್ತರಕ್ಕೆ ಹೋದಾಗ ಒಳಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದಂತೆ. ಅಲ್ಲಿಯ ಡಾಕ್ಟರು, ಬೇಕಾದರೆ ಆರು ತಿಂಗಳು ನೆಲದ ಮೇಲೆ ಪಾಠ ಹೇಳುವ ಕೆಲಸಕ್ಕೆ ಬರೆದುಕೊಡುತ್ತೇನೆ ಎಂದಿದ್ದಾರೆ. ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದಾನೆ.

"ಅದರಲ್ಲಿ ಯೋಚನೆ ಏನೋ?" ಎಂದೆ.

"ನನ್ನ ಜಾಗಕ್ಕೆ ಬೇರೆ ಯಾರೋ ಬರ್ತಾನೆ. ಎಮ್ರಿಸ್‌ಗೆ ಹೊಸಬರು ಅಂದ್ರೆ ಆಗಲ್ಲ." ಎಮ್ರಿಸ್ ಇವರ ಪೈಲಟ್, ವೇಲ್ಸ್‌ನವನು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನಮ್ಮ ಎನಿಡ್, ನೀನು ದಿನಾ ತೂತು ನೋಡ್ತೀಯಲ್ಲ. ನಾನು ನಿಲ್ಲೋ ಜಾಗಕ್ಕೆ ಎಷ್ಟು ಬೀಳ್ತವೆ? ನಿಜ ಹೇಳು."

ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ. ಒಳಗೆ ಕಾಲಿಡಲೂ ಆಗದವಳು ಏನು ನೋಡುತ್ತೇನೋ.

ಬಸ್ ಕಂಪನಿಗೆ ಹೋಗಲಿಲ್ಲ.

24 ನವೆಂಬರ್, ಬುಧವಾರ

ಹತ್ತು ದಿನದಲ್ಲಿ ಹನ್ನೊಂದು ವಿಮಾನ ನೋಡಿದೆ. ಮೊದಲ ಸಲ ಕಣ್ಣು ಮುಚ್ಚಿಕೊಂಡೇ ಒಳಗೆ ಹೋದೆ, ಮೇವಿಸ್ ಕೈ ಹಿಡಿದಿದ್ದಳು. ಈಗ ಒಬ್ಬಳೇ ಹೋಗುತ್ತೇನೆ.

ಎಂಥೆಂಥ ವಿಮಾನಗಳು ಬಂದಿವೆ. ಒಂದರ ಬಾಲದ ಒಂದು ಕಡೆ ಇರಲೇ ಇಲ್ಲ. ಇನ್ನೊಂದರ ರೆಕ್ಕೆಯಲ್ಲಿ ನಾನು ಭುಜದವರೆಗೂ ತೂರಬಹುದಾದ ರಂಧ್ರ. ಮತ್ತೊಂದರಲ್ಲಿ ಬಾಲವನ್ನು ಆಡಿಸುವ ಸರಳು ತುಂಡಾಗಿ, ಹುಡುಗರು ಹಗ್ಗ ಕಟ್ಟಿ ಎಳೆದುಕೊಂಡು ಸಮುದ್ರ ದಾಟಿಸಿದ್ದಾರೆ. ಹಗ್ಗ ಇನ್ನೂ ಹಾಗೇ ಇತ್ತು, ಅದರ ಗಂಟನ್ನು ಬಿಚ್ಚಲು ನನಗೆ ಅರ್ಧ ಗಂಟೆ ಹಿಡಿಯಿತು. ಕೆಲವು ನಾಲ್ಕರಲ್ಲಿ ಎರಡೇ ಎಂಜಿನ್ನಿನಲ್ಲಿ ಬಂದಿವೆ. ನಮ್ಮ ಹೊಲಿಗೆ ಕಾರ್ಖಾನೆಯ ಯಂತ್ರಕ್ಕೆ ಒಂದು ಹಲ್ಲು ಮುರಿದರೆ ಸಾಕಿತ್ತು, ಇಡೀ ದಿನ ನಿಲ್ಲುತ್ತಿತ್ತು.

ತೂತು ಕಂಡಲ್ಲೆಲ್ಲ ಹಳೆಯ ಕಾಗದದ ಮೇಲೆ ಚುಕ್ಕೆ ಇಡುತ್ತ ಹೋದೆ. ರೆಕ್ಕೆಯ ತುದಿ, ಬಾಲ, ಹಿಂಭಾಗದ ಹೊಟ್ಟೆ, ಅಲ್ಲೆಲ್ಲ ಕಪ್ಪೋ ಕಪ್ಪು. ಪೈಲಟ್ ಕೂರುವ ಜಾಗದಿಂದ ರೆಕ್ಕೆಯ ಬುಡದವರೆಗೆ, ಒಳಗಿನ ಎರಡು ಎಂಜಿನ್ನುಗಳ ಸುತ್ತ, ಲೆಸ್ಲಿ ನಿಲ್ಲುವ ಕಡೆ, ಹನ್ನೊಂದು ವಿಮಾನಕ್ಕೂ ಸೇರಿ ನಾಲ್ಕೇ ಚುಕ್ಕೆ. ಅವೂ ಚಿಕ್ಕವು.

ಇವತ್ತೇ ಅವನಿಗೆ ಬರೆದು ಹಾಕಿದೆ. ನೀನು ನಿಂತಿರುವುದು ಇಡೀ ವಿಮಾನದಲ್ಲೇ ಒಳ್ಳೆಯ ಜಾಗ ಕಣೋ ಪುಟ್ಟ ಎಂದು.

5 ಡಿಸೆಂಬರ್, ಭಾನುವಾರ

ಲೆಸ್ಲಿ ಬಂದ. ಮುಖದಲ್ಲಿ ಕಳೆ ಬಂದಿದೆ. ನನ್ನ ಕಾಗದವನ್ನು ವಿಮಾನದ ಉಳಿದ ಆರು ಜನರಿಗೂ ಓದಿ ಹೇಳಿದನಂತೆ. ಎಮ್ರಿಸ್ ನನಗೆಂದು ಒಂದು ಡಬ್ಬಿ ಪೀಚ್ ಹಣ್ಣು ಕಳಿಸಿದ್ದಾನೆ. ಬಾಲದಲ್ಲಿ ಕೂರುವ ಗನ್ನರ್ ಮಾತ್ರ, "ನನ್ನ ಜಾಗದ ವಿಷಯ ಅವಳು ಬರೀಲೇ ಇಲ್ಲ" ಎಂದು ಮುನಿಸಿಕೊಂಡನಂತೆ.

ಆಮೇಲೆ ಹೇಳಿದ. ಡಾಕ್ಟರ ಹತ್ತಿರ ಹೋಗಿ ಕಿವಿ ಸರಿಯಾಗಿದೆ ಎಂದು ಹೇಳಿ ಬಂದನಂತೆ. ಪಾಠದ ಕೆಲಸ ಬೇರೆಯವನಿಗೆ ಹೋಯಿತು.

"ನಿಜವಾಗ್ಲೂ ಸರಿಯಾಗಿದ್ಯಾ?"

"ಸೋರುತ್ತೆ. ಸೋರ್ಲಿ ಬಿಡು. ಒಳ್ಳೆ ಜಾಗ ಅಂತ ನೀನೇ ಬರ್ದಿದೀಯಲ್ಲ, ಅದನ್ನ ಬಿಟ್ಕೊಟ್ಟು ಯಾವನಿಗೋ ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸ್ಲಾ?"

ನನಗೆ ಹೆಮ್ಮೆಯಾಯಿತು, ಸುಳ್ಳೇಕೆ. ಪೀಚ್ ಹಣ್ಣನ್ನು ಇಬ್ಬರೂ ಡಬ್ಬಿಯಿಂದಲೇ ತಿಂದೆವು.

16 ಡಿಸೆಂಬರ್, ಗುರುವಾರ

ಬೆಳಿಗ್ಗೆ ಉದ್ದನೆಯ ಲಾರಿಯಲ್ಲಿ ಸುಟ್ಟ ವಿಮಾನವೊಂದು ಬಂತು. ರಿಪೇರಿಗಲ್ಲ, ಗುಜರಿಗೆ. ಜರ್ಮನಿಯಿಂದ ಸಮುದ್ರ ದಾಟಿ ಬಂದು, ನಮ್ಮ ಕರಾವಳಿ ಮುಟ್ಟಿದಾಗ ಒಮ್ಮೆಗೇ ಹೊತ್ತಿ ಉರಿದು, ಒಂದು ಟರ್ನಿಪ್ ಗಡ್ಡೆಯ ಹೊಲದಲ್ಲಿ ಬಿದ್ದದ್ದು. ಯಾರೂ ಉಳಿದಿಲ್ಲ. ಬಳಸಬಹುದಾದ ಭಾಗಗಳಿದ್ದರೆ ಬಿಚ್ಚಿಕೊಳ್ಳಿ ಎಂದು ಬೂತ್‌ರಾಯ್ಡ್ ನಮ್ಮಿಬ್ಬರನ್ನು ಕಳಿಸಿದರು. ಮೇವಿಸ್ ವಾಂತಿ ಮಾಡಿಕೊಂಡಳು. ನಾನೊಬ್ಬಳೇ ಒಳಗೆ ತೆವಳಿದೆ.

ಬಾಲಕ್ಕೆ ಒಂದು ಗೀರೂ ಇರಲಿಲ್ಲ. ರೆಕ್ಕೆಯ ತುದಿ ಹೊಸದರ ಹಾಗಿತ್ತು. ಇಡೀ ವಿಮಾನಕ್ಕೆ ಬಿದ್ದದ್ದು ಮೂರೇ ಗುಂಡು, ಒಳಗಿನ ಎಂಜಿನ್ನಿನ ಹಿಂದೆ, ಪೆಟ್ರೋಲ್ ಟ್ಯಾಂಕಿನ ಪಕ್ಕ, ಲೆಸ್ಲಿಯಂಥ ಎಂಜಿನಿಯರ್ ನಿಲ್ಲುವ ಜಾಗದಿಂದ ಎರಡು ಮಾರು ದೂರದಲ್ಲಿ. ನನ್ನ ಕಾಗದದಲ್ಲಿ ಬೆಳ್ಳಗೆ ಉಳಿದಿತ್ತಲ್ಲ, ಅಲ್ಲಿ.

ಗೋಡೆಗೆ ತಗುಲಿಸುವ ಪ್ಯಾರಾಚೂಟ್ ಚೀಲಗಳು ಕರಿಕಲಾಗಿ, ಇದ್ದ ಜಾಗದಲ್ಲೇ ಇದ್ದವು. ಒಂದನ್ನೂ ಯಾರೂ ತೆಗೆದಿರಲಿಲ್ಲ.

ಹೊರಗೆ ಬಂದು ಬೂತ್‌ರಾಯ್ಡ್‌ಗೆ ಕೇಳಿದೆ. "ಅಲ್ಲಿ ತೂತು ಬಿದ್ದ ವಿಮಾನ ನಮ್ಮ ಷೆಡ್ಡಿಗೆ ಯಾಕೆ ಬರಲ್ಲ?"

ಅವರು ಪೈಪು ಬಾಯಿಂದ ತೆಗೆದರು. "ಬರೋಕೆ ಅವು ಮನೆಗೆ ಬಂದಿರ್ಬೇಕಲ್ಲಮ್ಮ. ನಮ್ಮ ಹತ್ರ ಬರೋದು ಬದುಕಿದ್ದು. ಇದು ಹೆಂಗೋ ಈ ಕಡೆ ದಂಡೆಗೆ ಬಂದು ಬಿತ್ತು, ಅದಕ್ಕೆ ನೋಡಿದ್ವಿ. ಉಳಿದವೆಲ್ಲ ಆ ಕಡೆ ಬಿದ್ದಿವೆ."

ಏನೂ ಗೊತ್ತಿಲ್ಲದವಳ ಹಾಗೆ ಅಲ್ಲ, ಎಲ್ಲ ಗೊತ್ತಿದ್ದವಳ ಹಾಗೆ ಬರೆದೆ ಅವನಿಗೆ. ಒಳ್ಳೆಯ ಜಾಗ ಎಂದು.

17 ಡಿಸೆಂಬರ್

ಲೆಸ್ಲಿಗೆ ಬರೆಯಬೇಕು. ಬರೆಯಲಿಲ್ಲ.

26 ಡಿಸೆಂಬರ್, ಭಾನುವಾರ

ಲೆಸ್ಲಿಗೆ ಕ್ರಿಸ್‌ಮಸ್ ಹಬ್ಬಕ್ಕೆ ರಜೆ ಸಿಗಲಿಲ್ಲವಂತೆ, ಕಾರ್ಡು ಬಂದಿದೆ. ಹದಿನೈದು ಆಯಿತು, ಅರ್ಧ ದಾರಿ ಬಂತು ಎಂದು ಬರೆದಿದ್ದಾನೆ. ಮೊಲದ ಕಡುಬನ್ನು ಮನೆ ಒಡತಿ ಕೊಟ್ಟರು, ಹಾಗೇ ಮುಚ್ಚಿಟ್ಟೆ.

ಮೂರು ಸಲ ಕಾಗದ ಬರೆದು ಒಲೆಗೆ ಹಾಕಿದೆ. ಹೇಳಿದರೆ ಹೆದರಿ ಕೆಲಸದಲ್ಲಿ ತಪ್ಪು ಮಾಡುತ್ತಾನೆ. ಹೇಳದಿದ್ದರೆ? ಇಂಥದನ್ನು ಯಾರನ್ನು ಕೇಳುವುದು.

9 ಜನವರಿ 1944, ಭಾನುವಾರ

ಹೋಗಿ ಹೇಳಿ ಬಂದೆ.

ಅವರ ನೆಲೆಯ ಗೇಟಿನ ಹೊರಗೆ ಒಂದು ಚಹಾದಂಗಡಿ ಇದೆ. ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು. ಲೆಸ್ಲಿ ನನ್ನನ್ನು ನೋಡಿ ನಗುತ್ತಲೇ ಬಂದ. ಕೂತ ತಕ್ಷಣ ಹೇಳಿಬಿಟ್ಟೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಸುಟ್ಟ ವಿಮಾನ, ಮೂರು ಗುಂಡು, ಮುಟ್ಟದೆ ಉಳಿದ ಚೀಲಗಳು. ನಾನು ಬರೆದದ್ದು ತಪ್ಪು, ತಿರುಗುಮುರುಗು ಎಂದೆ.

ಅವನು ಚಹಾದ ಬಟ್ಟಲನ್ನು ಆಚೆ ಸರಿಸಿದ.

"ಇದನ್ನ ಯಾಕೆ ಹೇಳ್ದೆ?"

"ನಿಜ ಹೇಳು ಅಂದಿದ್ದೆ ನೀನು."

"ಆಗ ಅಂದಿದ್ದೆ. ಆಗ ಆ ಪಾಠದ ಕೆಲಸ ಇತ್ತು. ಈಗ ಏನಿದೆ? ಇವತ್ತೋ ನಾಳೆನೋ ಮತ್ತೆ ಹೋಗ್ಬೇಕು, ಅದೇ ಜಾಗದಲ್ಲಿ ನಿಂತ್ಕೋಬೇಕು. ಒಂದು ತಿಂಗಳು ನನ್ನ ಕೈ ನಡುಗಿರ್ಲಿಲ್ಲ, ಗೊತ್ತಾ ನಿಂಗೆ?"

ನಾನು ಅಳಲಿಲ್ಲ. ಅತ್ತರೆ ಅವನು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಅಷ್ಟರಲ್ಲಿ ಎಮ್ರಿಸ್ ಬಂದ. ಕುಳ್ಳ, ಕೆಂಪು ಕಿವಿಯವನು, ಇಪ್ಪತ್ತೆರಡು ಇರಬೇಕು. ಲೆಸ್ಲಿ ಅವನಿಗೆ ಹೇಳುತ್ತಾನೆಂದುಕೊಂಡೆ. ಆದರೆ ಲೆಸ್ಲಿ ಎದ್ದು ಕಿಟಕಿಯ ಹತ್ತಿರ ನಿಂತ. ನಾನೇ ಮತ್ತೊಮ್ಮೆ ಎಲ್ಲ ಹೇಳಬೇಕಾಯಿತು. ಎಮ್ರಿಸ್ ಕೋಪಿಸಿಕೊಳ್ಳಲಿಲ್ಲ. ಎದುರಿಗೆ ಕೂತು ಕೇಳಿದ:

"ಅವರಿಗೆ ಎಷ್ಟು ಹೊತ್ತು ಸಿಕ್ಕಿರಬಹುದು, ಮಿಸ್?"

"ಅದು ನನಗೆ ಗೊತ್ತಿಲ್ಲ. ಚೀಲ ಕೈ ಚಾಚೋಷ್ಟು ದೂರದಲ್ಲಿತ್ತು. ಕೈ ಚಾಚೋಷ್ಟು ಹೊತ್ತು ಸಿಕ್ಕಿಲ್ಲ."

"ಹಾಗಾದ್ರೆ ಗೋಡೆಗೆ ಹಾಕೋದು ಬೇಡ. ಮೈಮೇಲೇ ಕಟ್ಕೊಂಡಿರ್ಲಿ."

"ಆ ಗಂಟು ಕಟ್ಕೊಂಡು ನನ್ನ ಕೆಲಸ ಮಾಡೋಕಾಗಲ್ಲ," ಎಂದ ಲೆಸ್ಲಿ, ತಿರುಗದೆ.

"ಮಾಡ್ತೀಯ. ಬಸುರಿ ಹೆಂಗಸರು ಕಲ್ಲಿದ್ದಲ ಬುಟ್ಟಿ ಹೊತ್ಕೊಂಡು ನಮ್ಮೂರ ಗುಡ್ಡ ಹತ್ತೋದನ್ನ ನೋಡಿದೀನಿ."

ಲೆಸ್ಲಿ ಬಸ್ಸಿನವರೆಗೂ ಬಂದ. ಬಸ್ಸು ಹೊರಟಾಗ ಕೈ ಎತ್ತಲಿಲ್ಲ. ಮೊದಲು ಅವನ ಜೀವಕ್ಕೆ ಹೆದರುತ್ತಿದ್ದೆ. ಈಗ ಅದರ ಜೊತೆಗೆ, ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋಗಿಬಿಡುತ್ತಾನೇನೋ ಎನ್ನುವ ಹೆದರಿಕೆ.

23 ಜನವರಿ, ಭಾನುವಾರ

ಕಾಗದವಿಲ್ಲ.

ಟೆಲಿಗ್ರಾಂ ಹಂಚುವ ಹೆಂಗಸಿನ ಸೈಕಲ್ಲು ನಮ್ಮ ಬೀದಿಗೆ ತಿರುಗಿದರೆ, ಎಲ್ಲಿ ನಿಲ್ಲುತ್ತದೆಂದು ಕಿಟಕಿಯಲ್ಲೇ ನಿಂತು ನೋಡುತ್ತೇನೆ. ನಿನ್ನೆ ಎದುರು ಮನೆಗೆ ಹೋದಳು. ಅಬ್ಬ ಎನಿಸಿತು, ಹಾಗನಿಸಿದ್ದಕ್ಕೆ ನಾಚಿಕೆಯಾಯಿತು.

ಶುಕ್ರವಾರ ಬಂದ ವಿಮಾನದ ಬಾಲದ ಗೂಡನ್ನು ತೊಳೆಯಲು ಯಾರೂ ಒಪ್ಪಲಿಲ್ಲ. ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ನಾನೇ ಬಕೆಟ್ ಹಿಡಿದು ಹೋದೆ. ಒಳಗೆ ಒಂದು ಉಣ್ಣೆಯ ಕೈಗವಸು ಸಿಕ್ಕಿತು, ಯಾರೋ ಮನೆಯಲ್ಲಿ ಹೆಣೆದದ್ದು. ತೊಳೆದು ಒಣಗಿಸಿ, ವಿಮಾನದ ನಂಬರ್ ಬರೆದು ಅವರ ನೆಲೆಗೆ ಕಳಿಸಿದೆ. ಈಗೀಗ ಹೀಗೆ ಸಿಕ್ಕಿದ್ದನ್ನೆಲ್ಲ ಕಳಿಸುತ್ತಿದ್ದೇನೆ. ನನ್ನ ಹೆದರಿಕೆ ಮಾತ್ರ ಇದ್ದಷ್ಟೇ ಇದೆ, ಏನೂ ಕಡಿಮೆಯಾಗಿಲ್ಲ.

6 ಫೆಬ್ರವರಿ, ಭಾನುವಾರ

ಲೆಸ್ಲಿಯ ಕಾಗದ. ಇಲ್ಲೇ ಅಂಟಿಸಿಡುತ್ತೇನೆ ಎಂದುಕೊಂಡೆ, ಆದರೆ ಜೇಬಿನಲ್ಲೇ ಇರಲಿ ಎನಿಸಿತು. ಸ್ವಲ್ಪ ಬರೆದುಕೊಳ್ಳುತ್ತೇನೆ.

"ನಮ್ಮ ಎನಿಡ್, ನಿನಗೆ ಇಲ್ಲಿ ಎಲ್ಲರೂ ಶಾಪ ಹಾಕ್ತಿದಾರೆ. ದಿನಾ ಮಧ್ಯಾಹ್ನ ಎಮ್ರಿಸ್ ನಮ್ಮನ್ನ ನಿಂತಿರೋ ವಿಮಾನದಿಂದ ಕೆಳಗೆ ಹಾರಿಸ್ತಾನೆ. ತಾನು ಸೀಟಲ್ಲಿ ಕೂತ್ಕೊಂಡು ಗಡಿಯಾರ ಹಿಡ್ಕೋತಾನೆ, ನಾವು ಆರು ಜನ ಒಬ್ಬರ ತಲೆ ಮೇಲೆ ಒಬ್ಬರು ಬೀಳ್ತೀವಿ. ಮೊದಲ ದಿನ ಒಂದು ನಿಮಿಷ ಮೇಲಾಗಿತ್ತು. ನಿನ್ನೆ ಇಪ್ಪತ್ತೆರಡು ಸೆಕೆಂಡು. ಮಂಡಿ ಎಲ್ಲ ಸುಲಿದಿದೆ. ಕೈ ನಡುಗುತ್ತೆ, ಆದರೆ ಈಗ ಅದಕ್ಕೆ ಮಾಡೋಕೆ ಕೆಲಸ ಇದೆ. ಅವತ್ತು ಬಸ್ಸಿನ ಹತ್ರ ಕೈ ಎತ್ತಲಿಲ್ಲ. ಈಗ ಎತ್ತಿದೀನಿ ಅಂತ ತಿಳ್ಕೋ."

ಓದಿ ಓದಿ ಮಡಿಕೆಯಲ್ಲಿ ಹರಿದಿದೆ. ಇಪ್ಪತ್ತು ಸಲ ಹೋಗಿ ಬಂದಾಯಿತಂತೆ.

21 ಫೆಬ್ರವರಿ, ಸೋಮವಾರ

ಸೈಕಲ್ಲು ಬಂತು. ನಮ್ಮ ಮನೆಗೆ.

ವಿಮಾನ ಮರಳಿಲ್ಲ. ಸುದ್ದಿ ಇಲ್ಲ.

22 ಫೆಬ್ರವರಿ

ಕೆಲಸಕ್ಕೆ ಹೋದೆ. ಬೂತ್‌ರಾಯ್ಡ್ ಮನೆಗೆ ಹೋಗು ಎಂದರು. ಮನೆಯಲ್ಲಿ ಏನಿದೆ ಎಂದೆ. ಅವರು ತಮ್ಮ ರೊಟ್ಟಿಯಲ್ಲಿ ಅರ್ಧ ನನ್ನ ಪೆಟ್ಟಿಗೆಯಲ್ಲಿಟ್ಟು ಹೋದರು.

5 ಮಾರ್ಚ್, ಭಾನುವಾರ

ಹೋದ ಸೋಮವಾರ ಎಮ್ರಿಸ್‌ನ ತಾಯಿಯಿಂದ ಕಾಗದ ಬಂತು. ಏಳು ಮನೆಗಳ ವಿಳಾಸವನ್ನೂ ಎಲ್ಲರಿಗೂ ಕಳಿಸಿದ್ದಾರೆ. ಮಿಸೆಸ್ ಪ್ರಾಸರ್, ಅಬರ್‌ಡೇರ್, ವೇಲ್ಸ್. ದುಂಡು ದುಂಡಾದ ಅಕ್ಷರ. "ನೀವು ವಿಮಾನ ರಿಪೇರಿ ಮಾಡುವವರು ಎಂದು ಮಗ ಬರೆದಿದ್ದ. ಅವು ಎಷ್ಟು ಪೆಟ್ಟು ತಿಂದರೂ ಬರುತ್ತವಂತೆ, ಹೌದೇ?" ಎಂದು ಕೇಳಿದ್ದಾರೆ.

ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಕೊನೆಗೆ ಬರೆದೆ: ಬಹಳ ಪೆಟ್ಟು ತಿಂದು ಬಂದವನ್ನು ನೋಡಿದ್ದೇನೆ. ಬಾರದವನ್ನು ನಾನು ನೋಡಿಲ್ಲ, ಆದ್ದರಿಂದ ಏನೂ ಹೇಳಲಾರೆ. ನಾನೂ ಕಾಯುತ್ತಿದ್ದೇನೆ.

ಆಮೇಲೆ, ಇಷ್ಟು ಒರಟಾಗಿ ಬರೆಯಬಾರದಿತ್ತೇನೋ ಎನಿಸಿತು. ಆದರೆ ನಿನ್ನೆ ಅವರಿಂದ ಮತ್ತೊಂದು ಕಾಗದ ಬಂತು.

27 ಏಪ್ರಿಲ್, ಗುರುವಾರ

ಇದ್ದಾನೆ.

ಜರ್ಮನಿಯ ಕೈದಿಗಳ ಶಿಬಿರದಿಂದ ಕಾರ್ಡು. ಅವನದೇ ಅಕ್ಷರ. ಅಡುಗೆಮನೆಯ ನೆಲದ ಮೇಲೆ ಕೂತು ಓದಿದೆ, ಹೇಗೆ ಕೂತೆನೋ ನೆನಪಿಲ್ಲ.

ಕಾಲಿಗೆ ಪೆಟ್ಟು, ವಾಸಿಯಾಗುತ್ತಿದೆ. ಐದು ಮಂದಿ ಇದ್ದಾರೆ. ಬಾಲದ ಗನ್ನರ್ ಮೊದಲ ಗುಂಡಿಗೇ ಹೋದ. ಒಳಗಿನ ಎಂಜಿನ್ನಿನ ಹಿಂದೆ ಬೆಂಕಿ. "ಎಮ್ರಿಸ್ ಹೊರಗೆ ಬರಲಿಲ್ಲ. ಕೊನೆಗೆ ಹಾರಿದವನು ನಾನು. ಅವನು ಹಿಡಿದ ಸ್ಟೀರಿಂಗ್ ಚಕ್ರ ಬಿಟ್ಟಿರಲಿಲ್ಲ, ಕಾಲಲ್ಲಿ ನನ್ನನ್ನು ಒದ್ದು ಕಳಿಸಿದ. ಅವನ ಅಮ್ಮನಿಗೆ ಕಾಗದದಲ್ಲಿ ಬೇಡ. ನೀನು ಹೋಗಿ ಹೇಳು."

ಸಂತೋಷಕ್ಕೆ ಅತ್ತೆ. ಆಮೇಲೆ ಕೊನೆಯ ಸಾಲನ್ನು ಮತ್ತೆ ಓದಿದೆ. ನನ್ನಿಂದ ಆಗುವುದಿಲ್ಲ. ಅವರ ಮುಖ ನಾನು ನೋಡಿಲ್ಲ, ನೋಡುವ ಧೈರ್ಯ ನನಗಿಲ್ಲ.

ನಾಳೆ ಬೂತ್‌ರಾಯ್ಡ್ ಹತ್ತಿರ ರಜೆ ಕೇಳಬೇಕು.

13 ಮೇ, ಶನಿವಾರ. ಅಬರ್‌ಡೇರ್

ಪ್ರಾಸರ್ ಅವರ ಮನೆಯ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೆಳಗೆ ಗಂಡ ಹೆಂಡತಿ ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದಾರೆ.

ರೈಲಿನಲ್ಲಿ ಇಡೀ ದಾರಿ, ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಹೋಗೋಣ ಎಂದುಕೊಳ್ಳುತ್ತ ಬಂದೆ. ಬಾಗಿಲು ತೆರೆದವರು ಎಮ್ರಿಸ್‌ನಂತೆಯೇ ಕುಳ್ಳು. ನನ್ನ ಹೆಸರು ಕೇಳಿದರು, ಮುಖ ನೋಡಿದರು. "ನಿನ್ನ ತಮ್ಮ ಇದಾನಾ?" ಎಂದರು.

"ಇದಾನೆ, ಮಿಸೆಸ್ ಪ್ರಾಸರ್."

"ಒಳ್ಳೇದಾಯ್ತು," ಎಂದರು. ನಿಜವಾಗಿ ಹಾಗೆ ಅಂದುಕೊಂಡೇ ಅಂದರು. ಆಮೇಲೆ ಕುರ್ಚಿಯನ್ನು ಹಿಡಿದುಕೊಂಡು ಕೂತರು. "ಈಗ ನನ್ನ ಮಗನ ವಿಷಯ ಹೇಳು."

ಹೇಳಿದೆ. ಅವನು ಹಿಡಿದ ಗಡಿಯಾರ, ಪ್ರತಿ ಮಧ್ಯಾಹ್ನದ ಅಭ್ಯಾಸ, ಇಪ್ಪತ್ತೆರಡು ಸೆಕೆಂಡು, ಬೆಂಕಿ, ಕೊನೆಯ ಒದೆತ. ಮುಗಿದ ಮೇಲೆ ಕೇಳಿದರು:

"ಇಪ್ಪತ್ತೆರಡು ಸೆಕೆಂಡು ಏಳು ಜನಕ್ಕಾ?"

"ಆರು ಜನಕ್ಕೆ."

"ಏಳನೆಯವನಿಗೆ ಎಷ್ಟು ಬೇಕಾಗಿತ್ತು?"

"ಅದನ್ನ ಯಾರೂ ಎಣಿಸಿರ್ಲಿಲ್ಲ."

ಗೋಡೆಯ ಆಚೆ ಪಕ್ಕದ ಮನೆಯವರು ಒಲೆ ಕೆದಕುವ ಸದ್ದು ಕೇಳುತ್ತಿತ್ತು. ಮಿಸೆಸ್ ಪ್ರಾಸರ್ ಮಡಿಲಲ್ಲಿದ್ದ ಬಟ್ಟೆಯನ್ನು ನಾಲ್ಕಾಗಿ ಮಡಿಸಿದರು, ಮತ್ತೆ ಬಿಚ್ಚಿದರು.

"ಬಹಳ ಹೊತ್ತು ನರಳಿದ್ನಾ?"

ಇಲ್ಲ, ಏನೂ ಗೊತ್ತಾಗಿರುವುದಿಲ್ಲ ಎಂದು ಹೇಳಲು ನಾಲಗೆಯ ತುದಿಗೆ ಬಂದಿತ್ತು. ರೈಲಿನಲ್ಲಿ ಹಾಗೆಂದೇ ಹೇಳಿಕೊಂಡು ಅಭ್ಯಾಸ ಮಾಡಿದ್ದೆ.

"ನನಗೆ ಗೊತ್ತಿಲ್ಲ," ಎಂದೆ.

ಅವರು ತಲೆ ಆಡಿಸಿದರು. "ನಮ್ಮ ಪಾದ್ರಿಗೆ ಗೊತ್ತಂತೆ. ಅಂಗಡಿಯವನಿಗೂ ಗೊತ್ತಂತೆ. ನೋವೇ ಆಗಿರಲ್ಲ ಅಂತ ಇಬ್ಬರೂ ಆಗಲೇ ಹೇಳ್ಬಿಟ್ಟಿದಾರೆ. ಅವನು ಹೋಗಿದಾನೆ ಅಂತ ಗೊತ್ತಾಗೋಕೆ ಮುಂಚೇನೇ." ಎದ್ದು ಕೆಟಲನ್ನು ಒಲೆಯ ಮೇಲಿಟ್ಟರು. ಬೆನ್ನು ತಿರುಗಿಸಿಕೊಂಡೇ ಇದ್ದರು, ನೀರು ಕುದಿದರೂ ಇಳಿಸಲಿಲ್ಲ. ನಾನು ಇಳಿಸಿದೆ.

ಚಹಾ ಕುಡಿಯುವಾಗ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. "ಇನ್ನೊಂದು ಉಪಕಾರ ಮಾಡ್ತೀಯಾ ಮಗಳೇ? ನಮ್ಮವರು ಗಣಿಯಿಂದ ಬರೋ ಹೊತ್ತಾಯ್ತು. ಈ ಮೂರು ತಿಂಗಳಿಂದ ದಿನಾ ಬಂದವರೇ ನನ್ನ ಮುಖ ನೋಡ್ತಾರೆ, ಕಾಗದ ಬಂತಾ ಅಂತ. ಅವರಿಗೆ ನನ್ನಿಂದ ಹೇಳೋಕಾಗಲ್ಲ."

ನನ್ನಿಂದಲೂ ಆಗುವುದಿಲ್ಲ ಎನ್ನಬೇಕೆಂದಿದ್ದೆ. ಬೀದಿಯಲ್ಲಿ ಬೂಟುಗಳ ಸದ್ದು ಶುರುವಾಯಿತು, ಪಾಳಿ ಮುಗಿಸಿದವರದು. ಒಂದೊಂದಾಗಿ ಬೂಟುಗಳು ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತವು. ಒಂದು ಜೊತೆ ಮಾತ್ರ ಮುಂದೆ ಬಂತು. ಮಿಸೆಸ್ ಪ್ರಾಸರ್ ಕಣ್ಣು ಮುಚ್ಚಿಕೊಂಡರು.

ನಾನೇ ಎದ್ದು ಹೋಗಿ ಬಾಗಿಲು ತೆರೆದೆ.